ಸ್ವಾತಿ ಮಳೆಗೆ ಗಿಡ ಕೀಳುವ ಊರು

ಚೆನ್ನೈ ಹೊರವಲಯದ ತಾಂಬರಂನ ಮನೆಯಂಗಳದಲ್ಲಿ ಪಿಯೋನಿ ಅರಳುವುದಿಲ್ಲ. ಗೊಬ್ಬರ ಎಷ್ಟು ಸುರಿದರೂ ಅಷ್ಟೇ. ಗುಲಾಬಿಯನ್ನೂ ನಾಚಿಸುವಷ್ಟು ದಟ್ಟ ಎಸಳಿನ ಈ ಹೂವಿಗೆ ಚಳಿಗಾಲ ಬೇಕು. 5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಚಳಿಯಲ್ಲಿ ಹಲವು ವಾರ ಕಳೆದರೆ ಮಾತ್ರ ಅದರ ಗೆಡ್ಡೆಯ ಮೇಲಿನ ಮೊಗ್ಗುಕಣ್ಣುಗಳು ನಿದ್ದೆಯಿಂದ ಏಳುತ್ತವೆ. ಭಾರತದಲ್ಲಿ ಅದರ ಕುಲದ ಪಿಯೋನಿಯಾ ಎಮೋಡಿ ಹಿಮಾಲಯದ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುತ್ತದೆ. ತಾಂಬರಂನಲ್ಲಾದರೋ ಜನವರಿಯ ರಾತ್ರಿಯೂ 20 ಡಿಗ್ರಿಯ ಸುತ್ತಮುತ್ತಲೇ ಇರುತ್ತದೆ.

ಆದರೂ ಪಿಯೋನಿ ಬೆಳೆಸುವವರಿಂದ ಇಲ್ಲಿನವರು ಒಂದು ವಿಷಯ ಕಲಿಯಬಹುದು. ಶೀತದೇಶಗಳಲ್ಲಿ ಆ ಗಿಡವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಆ ವೇಳೆಗೆ ಎಲೆಗಳ ಕೆಲಸ ಮುಗಿದಿರುತ್ತದೆ, ಮಣ್ಣಿನಲ್ಲಿ ಮಾತ್ರ ಇನ್ನೂ ಬಿಸುಪು ಉಳಿದಿರುತ್ತದೆ. ಎಲೆ ನೀರು ಕೇಳುವುದಿಲ್ಲ, ಬೇರು ಬೆಳೆಯುತ್ತದೆ. ಗಿಡ ಸ್ಥಳಾಂತರದ ವಿಜ್ಞಾನದ ತಿರುಳೆಲ್ಲ ಇಲ್ಲಿದೆ.

ಗಿಡವನ್ನು ಎಷ್ಟೇ ನಾಜೂಕಾಗಿ ಅಗೆದರೂ ದಪ್ಪ ಬೇರುಗಳು ಕೈಗೆ ಬರುತ್ತವೆ, ಎಳೆಬೇರುಗಳು ಮಣ್ಣಲ್ಲೇ ಉಳಿಯುತ್ತವೆ. ನೀರು ಹೀರುವ ಕೆಲಸ ಮಾಡುವುದು ಆ ಎಳೆಬೇರುಗಳ ತುದಿ ಮತ್ತು ಅಲ್ಲಿನ ಬೇರುರೋಮಗಳು. ಒಂದೊಂದು ರೋಮವೂ ಒಂದೇ ಜೀವಕೋಶದ ಚಾಚು. ಮುಟ್ಟಿದರೆ ಮುರಿಯುತ್ತದೆ, ಗಾಳಿಗೆ ಒಡ್ಡಿದರೆ ಒಣಗುತ್ತದೆ. ಅತ್ತ ಎಲೆಗಳು ಪತ್ರರಂಧ್ರಗಳ ಮೂಲಕ ನೀರಾವಿ ಬಿಡುತ್ತಲೇ ಇರುತ್ತವೆ. ಗಿಡ ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಹೀಗೆ ಆವಿಯಾಗಿ ಹೋಗುವಂಥದ್ದು. ಆದಾಯ ನಿಂತು ಖರ್ಚು ಮುಂದುವರಿದರೆ ಗಿಡ ಬಾಡುತ್ತದೆ. ಹಾಗೆಂದು ಎಲೆಯನ್ನೆಲ್ಲ ಸವರಿಬಿಡುವುದೂ ತಪ್ಪೇ. ಹೊಸ ಬೇರಿಗೆ ಬೇಕಾದ ಸಕ್ಕರೆ ಎಲೆಯಿಂದ ಬರಬೇಕು, ಬೇರು ಮೂಡಲು ಪ್ರಚೋದಿಸುವ ಆಕ್ಸಿನ್ ಚಿಗುರಿನ ತುದಿಯಿಂದ ಇಳಿಯಬೇಕು. ಹಿತಮಿತವಾಗಿ ಸವರಿ, ಇಳಿಹೊತ್ತಿನಲ್ಲಿ ನೆಟ್ಟು, ಬುಡಕ್ಕೆ ತರಗೆಲೆ ಹೊದಿಸಿ ಕೆಲವು ದಿನ ನೆರಳು ಕಟ್ಟುವುದೇ ಲೇಸು.

ಇನ್ನು ಕಾಲದ ಮಾತು. ಕರ್ನಾಟಕದಿಂದ ಬಂದು ತಾಂಬರಂ, ಸೇಲೈಯೂರು, ಕ್ರೋಮ್‌ಪೇಟೆಗಳಲ್ಲಿ ನೆಲೆಸಿದವರು ಎಡವುವುದು ಇಲ್ಲೇ. ಮೃಗಶಿರ, ಆರಿದ್ರಾ ಮಳೆಗೆ ಸಸಿ ನೆಡುವುದು ಅವರ ಕೈಗೆ ಬಂದ ಅಭ್ಯಾಸ. ಆದರೆ ಬೆಂಗಳೂರಿನದೇ ಅಕ್ಷಾಂಶದಲ್ಲಿರುವ ಈ ಊರಿನ ಪಂಚಾಂಗವೇ ಬೇರೆ. ಜೂನ್‌ನಲ್ಲಿ ಮುಂಗಾರು ಮೋಡಗಳು ಪಶ್ಚಿಮಘಟ್ಟದಲ್ಲಿ ನೀರಿಳಿಸಿ ಬಂದಿರುತ್ತವೆ; ಕಡುಬೇಸಗೆಯ ಕತ್ತರಿ ಬಿಸಿಲು ಲೆಕ್ಕಕ್ಕೆ ಮುಗಿದರೂ ಒಣಗಾಳಿ ಎಲೆ ಸುಡುತ್ತಿರುತ್ತದೆ. ಚೆನ್ನೈನ ವರ್ಷದ ಸುಮಾರು 1,400 ಮಿ.ಮೀ. ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನದು. ಹಾಗಾಗಿ ದಾಸವಾಳ, ನಂದಬಟ್ಟಲಿನಂಥ ಎಲೆತುಂಬಿದ ಗಿಡಗಳನ್ನು ಇಲ್ಲಿ ಕೀಳಬೇಕಾದ್ದು ಚಿತ್ತಾ, ಸ್ವಾತಿಯ ಹೊತ್ತಿಗೆ.

ಊರಿನ ಕಾಡು ಕೂಡ ಈ ಪಂಚಾಂಗವನ್ನೇ ಪಾಲಿಸುತ್ತದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜು 1937ರಲ್ಲಿ ಜಾರ್ಜ್ ಟೌನ್ ಬಿಟ್ಟು ತಾಂಬರಂನ ಕುರುಚಲು ಕಾಡಿಗೆ ಬಂತು. ರಸಾಯನಶಾಸ್ತ್ರ ಕಲಿಸುತ್ತಿದ್ದ ಎಡ್ವರ್ಡ್ ಬಾರ್ನ್ಸ್ ಮತ್ತು ಅವರ ಪತ್ನಿ ಆಲಿಸ್ ಅಲ್ಲಿ ಮರಗಳನ್ನು ನೆಟ್ಟು ಬೆಳೆಸಿದರು. ಆವರಣದಲ್ಲಿ ಉಳಿದಿರುವ ನಿತ್ಯಹರಿದ್ವರ್ಣದ ಒಣಕಾಡಿನ ಗಿಡಗಳ ಎಲೆ ಸಣ್ಣದು, ದಪ್ಪ, ತೊಗಲಿನಂಥದ್ದು. ಹಿಂಗಾರು ಬರುವವರೆಗೆ ತಿಂಗಳುಗಟ್ಟಲೆ ನೀರಿಲ್ಲದೆ ಕಳೆಯಲು ಆದ ಏರ್ಪಾಡು ಅದು.

ಪಿಯೋನಿಯ ಜಾಗವನ್ನು ಇಲ್ಲಿ ತುಂಬಬಲ್ಲದ್ದು ಸುಗಂಧರಾಜ. ಮೆಕ್ಸಿಕೋ ಮೂಲದ ಈ ಗೆಡ್ಡೆಗೆ ಚಳಿಯ ಹಂಗಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ತಳಿಗಳಲ್ಲಿ ಶೃಂಗಾರ್, ಪ್ರಜ್ವಲ್ ಒಂಟಿ ಎಸಳಿನವು. ಸುವಾಸಿನಿ, ವೈಭವ್ ಸುತ್ತೆಸಳಿನವು. ಸುಗಂಧರಾಜ ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕ: ನೀರು, ಆಹಾರ ಎರಡೂ ಗೆಡ್ಡೆಯೊಳಗೇ ಇರುವುದರಿಂದ ಮಳೆಗೆ ಕಾಯಬೇಕಿಲ್ಲ. ಜೂನ್–ಜುಲೈನಲ್ಲೇ ನೆಟ್ಟು ನೀರು ಕೊಟ್ಟರೆ ಹಿಂಗಾರು ಬರುವಷ್ಟರಲ್ಲಿ ಬೇರೂರಿರುತ್ತದೆ. ಒಮ್ಮೆ ಹೂಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಸುತ್ತ ಹುಟ್ಟಿದ ಮರಿಗಳು ಬಿಡುತ್ತವೆ. ಮರಿಗಳು ಒತ್ತೊತ್ತಾಗಿ ಬೆಳೆದು ಹೂಗೋಲು ಸಣಕಲಾಗುವುದರಿಂದ ಎರಡು ಮೂರು ವರ್ಷಕ್ಕೊಮ್ಮೆ ಗುಂಪು ಬಿಡಿಸಲೇಬೇಕು. ಪಿಯೋನಿ ಒಂದೇ ಜಾಗದಲ್ಲಿ ದಶಕಗಟ್ಟಲೆ ಇರಲು ಬಯಸಿದರೆ ಇದು ಕಿತ್ತು ನೆಡದಿದ್ದರೆ ಮುನಿಸಿಕೊಳ್ಳುತ್ತದೆ.

ನೀರು ನಿಂತರೆ ಮಾತ್ರ ಗೆಡ್ಡೆ ಕೊಳೆಯುತ್ತದೆ. 2015ರ ಡಿಸೆಂಬರ್ 1ರಿಂದ 2ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ತಾಂಬರಂ ಕಂಡದ್ದು 49 ಸೆಂ.ಮೀ. ಮಳೆ. ಅಂಥ ಊರಲ್ಲಿ ಪಾತಿಯನ್ನು ತಗ್ಗಿಸದೆ ಏರಿಸಿ ಮಾಡುವುದೇ ಸರಿ.

ಮಲ್ಲಿಗೆಯ ಲೆಕ್ಕ ಮೂರನೆಯದು. ತಮಿಳುನಾಡಿನ ಬೆಳೆಗಾರರು ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಗೆ ಮೊಣಕಾಲೆತ್ತರಕ್ಕೆ ಕತ್ತರಿಸುತ್ತಾರೆ. ಎಲೆಯ ಭಾರ ಇಳಿದು, ನೆಲದಲ್ಲಿ ಹಸಿ ಇರುವ ಆ ವಾರಗಳೇ ಅದನ್ನು ಬೇರೆಡೆಗೆ ಒಯ್ಯಲು ತಕ್ಕ ಕಾಲ.

ಎಲ್ಲಿಗೆ ಒಯ್ಯುವುದು ಎಂಬುದಕ್ಕೆ ಸೂರ್ಯನನ್ನು ಕೇಳಬೇಕು. ಪಾಶ್ಚಾತ್ಯ ಕೈಪಿಡಿಗಳು ದಕ್ಷಿಣದ ಗೋಡೆ ಬಿಸಿಲಿನದು, ಉತ್ತರದ್ದು ನೆರಳಿನದು ಎಂದು ಖಚಿತವಾಗಿ ಬರೆದಿರುತ್ತವೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಅದು ವರ್ಷವಿಡೀ ನಿಜವಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. 10 ಅಡಿ ಎತ್ತರದ ಗೋಡೆ ಡಿಸೆಂಬರ್ ಮಧ್ಯಾಹ್ನದಲ್ಲಿ ಉತ್ತರಕ್ಕೆ ಏಳು ಅಡಿ ನೆರಳು ಚಾಚುತ್ತದೆ. ಜೂನ್‌ನಲ್ಲಿ ಅದೇ ಗೋಡೆಯ ನೆರಳು ಎರಡೇ ಅಡಿ, ಅದೂ ದಕ್ಷಿಣಕ್ಕೆ. ಮಳೆಗಾಲದ ಕೊನೆಯಲ್ಲಿ ತಂಪು ಮೂಲೆ ನೋಡಿ ಕನಕಾಂಬರ ಕೂರಿಸಿದವರಿಗೆ ಮೇ ತಿಂಗಳಲ್ಲಿ ಆ ಮೂಲೆಯ ಮೇಲೆ ತಟ್ಟಿ ಕಟ್ಟುವ ಕೆಲಸ ಬಾಕಿ ಇರುತ್ತದೆ.