ಒಂದೇ ಮಾತಿನಲ್ಲಿ ಅರಸ, ಚಂದ್ರ

ಎರಡರ್ಥದ ಪದ ಸಿಕ್ಕ ಮಾತ್ರಕ್ಕೆ ಶ್ಲೇಷವಾಗದು. ‘ಅರಸು’ ಎಂದರೆ ದೊರೆ, ‘ಅರಸು’ ಎಂದರೆ ಹುಡುಕು; ಅಷ್ಟು ಹೇಳಿದರೆ ನಿಘಂಟಿನ ಕೆಲಸ ಮುಗಿಯಿತು. ಎರಡೂ ಅರ್ಥಗಳು ವಾಕ್ಯದ ಕೊನೆಯವರೆಗೆ ಜೀವಂತವಾಗಿದ್ದು, ಒಂದು ಇನ್ನೊಂದನ್ನು ಬೆಳಗಿದಾಗಲೇ ಅಲಂಕಾರ.

ಸುಮಾರು 1,300 ವರ್ಷಗಳ ಹಿಂದಿನ ದಂಡಿಯ ‘ಕಾವ್ಯಾದರ್ಶ’ವನ್ನು ನಮ್ಮ ಕವಿರಾಜಮಾರ್ಗ ಬಹುಮಟ್ಟಿಗೆ ಅನುಸರಿಸಿದೆ. ದಂಡಿ ಕೊಡುವ ಒಂದು ಉದಾಹರಣೆಯ ಕಟ್ಟೋಣ ನೋಡಿ. ಅಲ್ಲಿ ‘ರಾಜ’ ಎಂದರೆ ಅರಸ, ಚಂದ್ರನೂ ಹೌದು. ಅವನು ಏರಿದ ‘ಉದಯ’ ಮೂಡಣ ಬೆಟ್ಟ; ಅರಸನಿಗಾದರೆ ಏಳಿಗೆ. ‘ರಕ್ತಮಂಡಲ’ ಆಗತಾನೆ ಮೂಡಿದ ಚಂದ್ರನ ಕೆಂಪು ಬಿಂಬ. ಅರಸನ ಮಟ್ಟಿಗೆ ಅವನಲ್ಲಿ ಅನುರಾಗವಿಟ್ಟ ನಾಡು. ಕೊನೆಗೆ ‘ಕರ’: ಒಬ್ಬನಿಗೆ ಕಿರಣ, ಇನ್ನೊಬ್ಬನಿಗೆ ಕಂದಾಯ. ಎರಡೂ ಮೃದು, ಆದ್ದರಿಂದಲೇ ಇಬ್ಬರೂ ಲೋಕದ ಮನಸ್ಸನ್ನು ಸೆಳೆಯುತ್ತಾರೆ. ‘ರಕ್ತ’ ತೆಗೆದು ‘ಕೆಂಪು’ ಇಟ್ಟರೆ ಚಂದ್ರ ಉಳಿದಾನು, ನಾಡಿನ ಪ್ರೀತಿ ಉಳಿಯದು. ತೆರಿಗೆ ಬೆಳದಿಂಗಳಂತೆ ಹಿತವಾಗಿರಬೇಕೆಂಬ ರಾಜನೀತಿಯನ್ನು ಕವಿ ಬಾಯಿಬಿಟ್ಟು ಹೇಳಿಲ್ಲ, ಆದರೂ ನಮಗೆ ತಲುಪುತ್ತದೆ.

ಪದವನ್ನು ಒಡೆಯದೆಯೇ ಎರಡರ್ಥ ಬಂದರೆ ಅಭಂಗಶ್ಲೇಷ. ಬಿಡಿಸುವ ಜಾಗ ಬದಲಾದಂತೆ ಅರ್ಥ ಬದಲಾದರೆ ಸಭಂಗ. ಸಂಧಿ, ಸಮಾಸಗಳು ದಟ್ಟವಾಗಿರುವ ಸಂಸ್ಕೃತದಲ್ಲಿ ಇದನ್ನು ಇಡೀ ಕಾವ್ಯದುದ್ದಕ್ಕೂ ನಡೆಸಿದವರಿದ್ದಾರೆ. ಧನಂಜಯನ ‘ದ್ವಿಸಂಧಾನ’, ಕದಂಬ ಕಾಮದೇವನ ಆಶ್ರಯದಲ್ಲಿದ್ದ ಕವಿರಾಜನ ‘ರಾಘವಪಾಂಡವೀಯ’ ಎರಡೂ ರಾಮಾಯಣ, ಭಾರತಗಳನ್ನು ಅವೇ ಪದ್ಯಗಳಲ್ಲಿ ಹೇಳುತ್ತವೆ. ಆ ಪಾಂಡಿತ್ಯಕ್ಕೆ ಕೈಮುಗಿಯಬೇಕು. ವ್ಯಾಖ್ಯಾನ ಪಕ್ಕದಲ್ಲಿಲ್ಲದೆ ಓದುವುದು ಮಾತ್ರ ಕಷ್ಟ.

ಪುರಂದರದಾಸರ ರಾಗಿಯ ಕೀರ್ತನೆಗೆ ವ್ಯಾಖ್ಯಾನ ಬೇಡ. ನನಗೆ ಹೆಚ್ಚು ಪ್ರಿಯವಾದದ್ದು ಅದೇ. ಮನೆಬಾಗಿಲಿಗೆ ಬಂದ ದಾಸರು ಭಿಕ್ಷೆಗೆ ರಾಗಿ ಕೇಳುತ್ತಾರೆ. ಮುಂದಿನ ಮಾತುಗಳೂ ಅದೇ ಸದ್ದಿನಲ್ಲಿ ಮುಗಿಯುತ್ತ ಹೋಗುತ್ತವೆ. ಅದರ ಜಾಡು ತಿಳಿಯಲು ‘ಧೀರರಾಗಿ’ ಎಂಬ ಪದವನ್ನು ತೆಗೆದುಕೊಳ್ಳೋಣ. ಧೀರ, ರಾಗಿ ಎಂದು ಒಡೆದರೆ ಅದೊಂದು ಧಾನ್ಯ. ಧೀರರು, ಆಗಿ ಎಂದು ಬಿಡಿಸಿದರೆ ಹರಕೆ. ಬಹುವಚನದ ‘ರು’, ಅದರ ಮುಂದೆ ‘ಆಗಿ’: ಎಲ್ಲರ ಬಾಯಲ್ಲೂ ದಿನವಿಡೀ ಓಡಾಡುವ ರೂಪಗಳು. ಇವೆರಡು ಕೂಡುವ ಸಂಧಿಯಲ್ಲಿ ಬಡವರ ಮನೆಯ ಧಾನ್ಯವೊಂದು ಅಡಗಿದೆಯೆಂದು ಗುರುತಿಸಿದ ಕಿವಿ ಎಂಥದು! ಹಾಡುವಾಗ ಪದದ ನಡುವೆ ಬಿಡುವಿಲ್ಲ, ಹಾಗಾಗಿ ಕೇಳುವವರು ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಡುವಂತೆಯೂ ಇಲ್ಲ. ಕೈಯೊಡ್ಡಿ ನಿಂತ ದಾಸರು ಅದೇ ಉಸಿರಿನಲ್ಲಿ ಒಳ್ಳೆಯ ಬಾಳನ್ನು ಹರಸುತ್ತಾರೆ. ರಾಗಿಯ ಜೊತೆಗೆ ಕೊಡುವವರ ನಡತೆಯನ್ನೂ ಭಿಕ್ಷೆಯಾಗಿ ಬೇಡುತ್ತಾರೆ.