ಹಂಪಿಗೆ ಬೆನ್ನು ಮಾಡಿ ಒಂದು ದಿನ

ಹಚ್ಚೊಳ್ಳಿಯಿಂದ ಬಾಡಿಗೆ ಗಾಡಿ ಹೊರಟಿತೆಂದರೆ ಎಲ್ಲಿಗೆಂದು ಕೇಳಬೇಕಿಲ್ಲ. ಗುರುವಾರವಾದರೆ ಮಂತ್ರಾಲಯ, ರಜೆಯಾದರೆ ಹಂಪಿ, ಮದುವೆ ಗೊತ್ತಾಗಿದ್ದರೆ ಜವಳಿಗೆ ಆದೋನಿ ಇಲ್ಲವೇ ಬಳ್ಳಾರಿ. ನೆಂಟರು ಬಂದು ‘ನಿಮ್ಮ ಕಡೆ ನೋಡಾಕ ಏನೈತಿ?’ ಅಂದರೆ, ‘ಇಲ್ಲೇನೈತ್ರೀ, ಗದ್ದಿ ಅದಾವು, ಕಾಲುವಿ ಐತಿ’ ಎಂದು ಮಾತು ಮುಗಿಸುತ್ತಾರೆ. ಸಿರುಗುಪ್ಪ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಸುತ್ತಲಿನ ಸೀಮೆ ತನ್ನನ್ನು ತಾನು ದಾರಿಯಲ್ಲಿ ಸಿಗುವ ಊರೆಂದೇ ತಿಳಿದುಕೊಂಡಿದೆ, ಮುಟ್ಟಬೇಕಾದ ಊರೆಂದಲ್ಲ.

ಗ್ರೀಸ್ ದೇಶದ ಪೆಲೊಪೊನೀಸ್ ಕರಾವಳಿಯಲ್ಲಿ ನಾಫ್ಲಿಯೊ ಎಂಬ ಸಣ್ಣ ಬಂದರು ಪಟ್ಟಣವಿದೆ. ಪ್ರವಾಸಿಗರು ಅಲ್ಲಿ ಕೋಣೆ ಹಿಡಿದು ಒಂದು ದಿನ ಕಂಚಿನ ಯುಗದ ಮೈಸಿನೆ ನೋಡುತ್ತಾರೆ, ಇನ್ನೊಂದು ದಿನ ಎಪಿಡಾರಸ್‌ನ ಕಲ್ಲಿನ ರಂಗಮಂದಿರಕ್ಕೆ ಹೋಗಿ, ಕೆಳಗೆ ಆಡಿದ ಮಾತು ಮೇಲಿನ ಸಾಲಿಗೂ ಕೇಳುವುದನ್ನು ಪರೀಕ್ಷಿಸುತ್ತಾರೆ. ಸಂಜೆ ಊರ ಗುಡ್ಡದ ಮೇಲಿನ ಕೋಟೆ ಹತ್ತುತ್ತಾರೆ. ಅಂಥದೇ ಪಟ್ಟಿಯನ್ನು ಸಿರುಗುಪ್ಪ, ಕುರುಗೋಡು, ಬಳ್ಳಾರಿ ನಡುವಿನ ನೆಲಕ್ಕೂ ಮಾಡಬಹುದು. ಗುಡ್ಡದ ಮೇಲೆ ಕೋಟೆಯಿದೆ, ಮೈಸಿನೆಯ ವೈಭವಕ್ಕಿಂತ ಹಳೆಯ ಜನವಸತಿಯಿದೆ, ಬಡಿದರೆ ದನಿಗೊಡುವ ಬಂಡೆಗಳಿವೆ. ಕಡಲಿಲ್ಲ ನಿಜ, ಹೊಳೆಯಿದೆ. ಇಷ್ಟರ ಜೊತೆಗೆ ಆ ಗ್ರೀಕರಿಗೂ ಪರಿಚಿತನಾಗಿದ್ದ ಒಬ್ಬ ದೊರೆಯ ಮಾತು ತುಂಗಭದ್ರೆಯ ಪಕ್ಕದ ಬಂಡೆಯ ಮೇಲಿದೆ. ನನ್ನನ್ನು ಈ ಕಡೆಗೆ ಎಳೆದು ತಂದದ್ದು ಅದೇ.

ನಿಟ್ಟೂರಿನ ಬಂಡೆ

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಹೊಳೆಯ ದಂಡೆಯ ಊರು. ಶಾಸನಕ್ಕೆ ದಾರಿ ಕೇಳಿದರೆ ಕೆಲವರು ತಬ್ಬಿಬ್ಬಾಗುತ್ತಾರೆ, ‘ಅಶೋಕನ ಕಲ್ಲು’ ಅಂದರೆ ಕೈ ತೋರಿಸುತ್ತಾರೆ. ಬಂಡೆಯ ಮೈಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ವಯಸ್ಸು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು. ನಡು ಮಧ್ಯಾಹ್ನ ಹೋದರೆ ಅಕ್ಷರಗಳು ಕಲ್ಲಿನ ಬಣ್ಣದಲ್ಲೇ ಕರಗಿಹೋಗಿರುತ್ತವೆ. ಬೆಳಗಿನ ಇಲ್ಲವೇ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಗೀರುಗಳೊಳಗೆ ನೆರಳು ಕೂತು, ಒಂದೊಂದೇ ಅಕ್ಷರ ಮೇಲೇಳುತ್ತದೆ. ಆದ್ದರಿಂದ ದಿನದ ಸುತ್ತಾಟವನ್ನು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಸೀಮೆಸುಣ್ಣ ತಿಕ್ಕಿ ಓದುವ ಚಪಲ ಬೇಡ.

ಈ ಕಲ್ಲಿಗೇಕೆ ಇಷ್ಟು ಮಹತ್ವ? ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಈ ದೇವರ ಪ್ರಿಯ ಯಾವ ರಾಜನೆಂಬುದನ್ನು ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ಊಹಿಸಬೇಕಾಯಿತು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು, ಊಹೆ ಖಚಿತವಾಯಿತು. ಆಮೇಲೆ ಆ ಹೆಸರು ಸಿಕ್ಕಿದ್ದು ಮಧ್ಯಪ್ರದೇಶದ ಗುಜರ್ರಾದಲ್ಲಿ. ಉಳಿದ ಎರಡು ಕಡೆ ಯಾವುವು ಅಂದರೆ, ಒಂದು ನಿಟ್ಟೂರು, ಇನ್ನೊಂದು ಇದೇ ಸಿರುಗುಪ್ಪ ಸೀಮೆಯ ಉಡೇಗೋಳ. ಎರಡೂ ಬೆಳಕಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಇಡೀ ಉಪಖಂಡದಲ್ಲಿ ಹರಡಿರುವ ಮೌರ್ಯ ದೊರೆಯ ಶಾಸನಗಳಲ್ಲಿ ಅವನ ಹೆಸರು ಹೇಳುವ ಜಾಗಗಳು ನಾಲ್ಕೇ. ಮೂರು ಕರ್ನಾಟಕದಲ್ಲಿವೆ, ಅದರಲ್ಲಿ ಎರಡು ಭತ್ತದ ಗದ್ದೆಗಳ ಈ ಒಂದು ಸೀಮೆಯಲ್ಲಿವೆ.

ಬರಹದ ಧಾಟಿ ಇನ್ನೂ ಸೊಗಸು. ಚಿಕ್ಕ ಬಂಡೆ ಶಾಸನಗಳೆಂದು ಕರೆಯುವ ಈ ಬಗೆಯ ಬರಹಗಳಲ್ಲಿ ಚಕ್ರವರ್ತಿ ತನ್ನ ಬಗ್ಗೆ ತಾನೇ ಒಪ್ಪಿಕೊಳ್ಳುತ್ತಾನೆ: ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ, ಆದರೆ ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಶ್ರಮವನ್ನೇನೂ ಪಡಲಿಲ್ಲ. ಸಂಘದ ಹತ್ತಿರ ಹೋದ ಮೇಲೆ ಶ್ರದ್ಧೆ ಬಲಿಯಿತು. ಇದರ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಹುದು. ಜೊತೆಗಿರುವ ಎರಡನೆಯ ಬರಹ ತಂದೆತಾಯಿಯ ಮಾತು ಕೇಳಿ, ಗುರುವಿಗೆ ಗೌರವ ಕೊಡಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ನುಡಿಯಿರಿ ಎನ್ನುತ್ತದೆ. ಈ ಶಾಸನದ ಹಲವು ಪ್ರತಿಗಳಲ್ಲಿ 256 ಎಂಬ ಅಂಕಿ ಬರುತ್ತದೆ. ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಅನೇಕ ವಿದ್ವಾಂಸರು ಅರ್ಥಮಾಡುತ್ತಾರೆ. ತಿರುಗಾಟದಲ್ಲಿದ್ದ ರಾಜನೊಬ್ಬ ಹೊರಡಿಸಿದ ಮಾತನ್ನು ಕಾಣಲು ನಾವು ಒಂದು ಹಗಲು ತಿರುಗಿದರೆ ತಪ್ಪೇನು?

ಆಗ ಈ ಸೀಮೆಯ ಜನರು ಆಡುತ್ತಿದ್ದುದು ಪ್ರಾಕೃತವಲ್ಲ, ಓದುಬರಹವೂ ಅವರಿಗೆ ಹೊಸದು. ಬಂಡೆಯನ್ನು ಯಾರೋ ಅಧಿಕಾರಿ ಓದಿ, ಜನರ ನುಡಿಯಲ್ಲಿ ಬಿಡಿಸಿ ಹೇಳಿರಬೇಕು. ಅಂದರೆ ಕೇಳುವುದಕ್ಕೆ ಜನ ನೆರೆಯುತ್ತಿದ್ದ ಜಾಗ ಇದಾಗಿರಬೇಕು: ಹೊಳೆ ದಾಟುವ ತಾಣವೋ, ಸಂತೆಯೋ, ಜಾತ್ರೆಯೋ. ಇದೇ ದೊರೆ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದ ಶಾಸನ 1958ರಲ್ಲಿ ಸಿಕ್ಕಿತು. ತನ್ನ ಹದಿಮೂರನೆಯ ದೊಡ್ಡ ಬಂಡೆ ಶಾಸನದಲ್ಲಿ ಐದು ಮಂದಿ ಗ್ರೀಕ್ ಅರಸರ ಹೆಸರನ್ನೂ ಅವನು ಹೇಳುತ್ತಾನೆ. ಒಂದು ತುದಿ ಕಂದಹಾರ, ಇನ್ನೊಂದು ತುದಿ ನಿಟ್ಟೂರು. ಅಷ್ಟು ದೊಡ್ಡ ಲೋಕದ ನಕ್ಷೆಯಲ್ಲಿ ಒಂದು ಕಾಲಕ್ಕೆ ಈ ಹೊಳೆದಂಡೆಗೂ ಜಾಗವಿತ್ತು.

ಗುಡ್ಡದ ಜನ, ಕಾಲುವೆಯ ಜನ

ನಿಟ್ಟೂರಿನಿಂದ ತೆಕ್ಕಲಕೋಟೆಗೆ ಬಂದರೆ ಕಾಲ ಇನ್ನೂ ಸಾವಿರ ವರ್ಷಕ್ಕೂ ಹಿಂದೆ ಸರಿಯುತ್ತದೆ. ಬಳ್ಳಾರಿ–ಸಿರುಗುಪ್ಪ ಹೆದ್ದಾರಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಕಾಣುವ ಬೋಳು ಗುಡ್ಡಗಳನ್ನು ಎಂ.ಎಸ್. ನಾಗರಾಜರಾವ್ 1963ರಿಂದ 65ರವರೆಗೆ ಉತ್ಖನನ ಮಾಡಿದರು. ಬಂಡೆಗಳ ನಡುವಿನ ಸಮತಟ್ಟಿನಲ್ಲಿ ದುಂಡು ಗುಡಿಸಲು ಕಟ್ಟಿಕೊಂಡು ಬದುಕಿದ ನವಶಿಲಾಯುಗದ ಜನರ ನೆಲೆ, ಅವರ ಸಮಾಧಿಗಳು, ಚಿನ್ನದ ಒಡವೆ ಕೂಡ ಅಲ್ಲಿ ಸಿಕ್ಕವು.

ಸಿರುಗುಪ್ಪದಲ್ಲಿ ನೋಡಬೇಕಾದ್ದು ನೀರು. ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳಿಂದ ಹರಿಯುವ ವಿಜಯನಗರ ಕಾಲುವೆಗಳ ಸಾಲಿನಲ್ಲಿ ಹಂಪಿಯ ತುರ್ತಾ ಕಾಲುವೆಯ ಹೆಸರು ಎಲ್ಲರಿಗೂ ಗೊತ್ತು. ಅದೇ ಸಾಲಿನ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ, ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಬಂತು, ಕೆಳಮಟ್ಟದ ಕಾಲುವೆ ಎರೆ ಹೊಲಗಳ ಚಹರೆಯನ್ನೇ ಬದಲಿಸಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹಚ್ಚೊಳ್ಳಿ ಕಡೆಯ ಹಿರಿಯರ ಮಾತಿನಲ್ಲಿ ಮಾತ್ರ ಆದೋನಿ ಇಂದಿಗೂ ಪಕ್ಕದ ಪೇಟೆಯೇ. ಹೆಣ್ಣು ಕೊಟ್ಟು ತರುವುದಕ್ಕೆ ಗಡಿ ಅಡ್ಡಬಂದಿಲ್ಲ.

ಸಿರುಗುಪ್ಪಕ್ಕೆ ಹತ್ತಿರದ ಕೆಂಚನಗುಡ್ಡದಲ್ಲಿ ಹೊಳೆಯ ನಡುವಿನ ಬಂಡೆಗಳು, ಹಳೆಯ ಕೋಟೆ ಮನೆತನದ ಕುರುಹುಗಳು, ರಾಯರ ಮಠದ ಯತಿಗಳಾದ ವಸುಧೇಂದ್ರ ತೀರ್ಥರ ಬೃಂದಾವನ ಇವೆ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ಮಳೆಗಾಲದಲ್ಲಿ ಬೃಂದಾವನಕ್ಕೆ ಹೊಳೆ ಮುತ್ತುತ್ತದೆ. ಆ ದಿನಗಳಲ್ಲಿ ದಂಡೆಗೆ ಇಳಿಯಬೇಡಿ.

ಎರೆ ಬಯಲಿನ ಇನ್ನೊಂದು ಸಂಪತ್ತನ್ನು ಹೇಳಿಯೂ ಹೇಳದಂತಿರಬೇಕು. ಅಳಿವಿನಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ಎರೆಬೂತ ಹಕ್ಕಿ, ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದು ಸಿರುಗುಪ್ಪದ ಒಣ ಹೊಲಗಳಲ್ಲಿ. ಅದನ್ನು ಹುಡುಕಿಕೊಂಡು ಗಾಡಿ ಹೊಲಕ್ಕೆ ಇಳಿಸುವ ಪ್ರವಾಸ ಯಾರಿಗೂ ಬೇಡ.

ಬಸವಣ್ಣ, ಬಂಡೆ, ಬಳ್ಳಾರಿ

ಕುರುಗೋಡು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ, ಈಗ ತಾಲ್ಲೂಕು ಕೇಂದ್ರ. ದೊಡ್ಡ ಬಸವೇಶ್ವರ ಗುಡಿಯಲ್ಲಿ ಆಳೆತ್ತರ ಮೀರಿದ ಏಕಶಿಲೆಯ ನಂದಿಯೇ ಗರ್ಭಗುಡಿಯ ದೇವರು. ಶಿವನ ಎದುರು ಕೂತ ಬಸವನನ್ನು ಕಂಡು ಅಭ್ಯಾಸವಾದ ಕಣ್ಣಿಗೆ ಇದು ಬೇರೆಯೇ ಅನುಭವ. ಗುಡ್ಡದ ಸುತ್ತ ಹನ್ನೆರಡನೆಯ ಶತಮಾನದ ಗುಡಿಗಳು ಚೆದುರಿವೆ. ತೇರಿನ ದಿನ ಬಿಟ್ಟರೆ ಊರು ಗೌಜಿಲ್ಲದೆ ಇರುತ್ತದೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿಯಲು ತಕ್ಕ ಜಾಗ.

ಅಲ್ಲಿಂದ ಬಳ್ಳಾರಿಗೆ. ನಗರದ ಮಗ್ಗುಲಲ್ಲೇ ಸಂಗನಕಲ್ಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಓಡಾಡಿದ ಈ ಗುಡ್ಡಗಳಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿಯಾಗಿ ತಯಾರಿಸಿದರು. ಗುಡ್ಡವನ್ನು ಸೀಳಿಕೊಂಡು ಹೋಗಿರುವ ಕರಿಗಲ್ಲಿನ ಪಟ್ಟೆಯೇ ಅವರ ಕಚ್ಚಾಮಾಲು. ಅದೇ ಕರಿಗಲ್ಲ ಮೇಲೆ ಕಪ್ಪಗಲ್ಲು ಊರಿನ ಕಡೆ ಗೂಳಿಗಳು, ಮನುಷ್ಯರು, ಬಾಗಿದ ನೀಳ ಕೊಂಬುಗಳ ಕುಟ್ಟುಚಿತ್ರಗಳಿವೆ. ಕೆಲವು ಬಂಡೆಗಳ ಮೇಲೆ ಬಡಿದು ಬಡಿದು ಸವೆದ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂಥ ನಾದ. ಚಿತ್ರಗಳ ಸುದ್ದಿ 1892ರಷ್ಟು ಹಿಂದೆಯೇ ಹೊರಬಂದಿತ್ತು, ಆಮೇಲೆ ಮರೆವಿಗೆ ಸಂದಿತು. ಪುರಾತತ್ವಜ್ಞೆ ನಿಕೋಲ್ ಬ್ವಾವಾ ಮತ್ತೆ ಅಧ್ಯಯನ ಮಾಡಿ 2004ರಲ್ಲಿ ಲೇಖನ ಪ್ರಕಟಿಸಿದಾಗ ಲೋಕದ ಪತ್ರಿಕೆಗಳು ಇದನ್ನು ‘ಕಲ್ಲಿನ ಸಂಗೀತ’ವೆಂದು ಬರೆದವು. ಕಲ್ಲು ಗಣಿಗಾರಿಕೆಯಿಂದ ಈ ಗುಡ್ಡಕ್ಕೆ ಅಪಾಯವಿದೆ ಎಂಬ ಎಚ್ಚರಿಕೆಯೂ ಆಗಲೇ ಕೇಳಿಬಂತು. ಎಪಿಡಾರಸ್‌ನಲ್ಲಿ ದನಿ ಪರೀಕ್ಷಿಸಲು ಸಮುದ್ರ ದಾಟುವವರಿದ್ದಾರೆ, ಇಲ್ಲಿ ಬಂಡೆಯ ಬೆಲೆ ಇನ್ನೂ ಲಾರಿ ಲೋಡಿನ ಲೆಕ್ಕದಲ್ಲಿದೆ. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ ನೋಡಿಕೊಂಡು ಗುಡ್ಡಕ್ಕೆ ಹೋದರೆ ಕಣ್ಣಿಗೆ ಹೆಚ್ಚು ದಕ್ಕುತ್ತದೆ.

ಸಂಜೆಗೆ ಬಳ್ಳಾರಿ ಕೋಟೆ. ಹೈದರಾಲಿಗೆ ಕೋಟೆ ಬಲಪಡಿಸಿಕೊಟ್ಟ ಫ್ರೆಂಚ್ ಎಂಜಿನಿಯರನನ್ನು, ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿರುವುದು ಗೊತ್ತಾದ ಮೇಲೆ ಗಲ್ಲಿಗೇರಿಸಿದನೆಂಬ ಕತೆಯನ್ನು ಇಲ್ಲಿ ಯಾರು ಬೇಕಾದರೂ ಹೇಳುತ್ತಾರೆ.

ಈ ಸುತ್ತಾಟಕ್ಕೆ ನವೆಂಬರ್‌ನಿಂದ ಫೆಬ್ರುವರಿ ಹಿತ. ಏಪ್ರಿಲ್‌ನಲ್ಲಿ ಬಂಡೆ ಮುಟ್ಟಲಾಗದು, ಮಳೆಯಲ್ಲಿ ಎರೆ ಮಣ್ಣು ಚಕ್ರ ಬಿಡದು. ನೀರು, ಬುತ್ತಿ ಜೊತೆಗಿರಲಿ. ಹೋಗುವವರು ಬಂಡೆಯ ಹತ್ತಿರ ಪ್ಲಾಸ್ಟಿಕ್ಕನ್ನೂ ತಮ್ಮ ಹೆಸರನ್ನೂ ಬಿಟ್ಟು ಬರದಿದ್ದರೆ ಅದೇ ದೊಡ್ಡ ಉಪಕಾರ.

ಸಿರುಗುಪ್ಪ ಸೀಮೆಯ ಮಕ್ಕಳು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅಶೋಕನ ಪಾಠ ಓದುತ್ತಾರೆ, ಸಾರನಾಥದ ಸಿಂಹಗಳ ಚಿತ್ರ ಬರೆಯುತ್ತಾರೆ, ಕಳಿಂಗ ಯುದ್ಧಕ್ಕೆ ಅಂಕ ಪಡೆಯುತ್ತಾರೆ. ಶಾಲೆಯ ಪ್ರವಾಸ ಅಂದರೆ ಮೈಸೂರು, ಇಲ್ಲದಿದ್ದರೆ ಹಂಪಿ. ಆ ಹಣದ ಸಣ್ಣ ಪಾಲಿನಲ್ಲಿ, ಒಂದು ಟ್ರ್ಯಾಕ್ಸು ಮಾಡಿಕೊಂಡು ಬೆಳಗಿನ ಬಿಸಿಲಿಗೆ ನಿಟ್ಟೂರು ಮುಟ್ಟಿಸಿದರೆ, ಪಾಠದ ರಾಜ ತಮ್ಮ ಹೊಳೆಯ ಪಕ್ಕದಲ್ಲೇ ತನ್ನ ಹೆಸರು ಹೇಳಿಕೊಂಡಿದ್ದಾನೆಂದು ಮಕ್ಕಳಿಗೆ ತಿಳಿದೀತು. ಹೀಗೆ ತಿಳಿದ ಒಂದೆರಡು ತಲೆಮಾರು ದಾಟಿದರೆ ‘ಇಲ್ಲೇನೈತ್ರೀ’ ಎಂಬ ಉತ್ತರ ಬದಲಾಗಬಹುದು. ಅಷ್ಟರವರೆಗೆ ಗುಡ್ಡಗಳು ಉಳಿದಿರಬೇಕು, ಅಷ್ಟೆ.