ಡ್ರೈವ್‌ವೇ ಯಾಕೆ ಹಪ್ಪಳದ ಹಾಗೆ ಏಳುತ್ತೆ?

ಅಮೆರಿಕದ ಮಿನೆಸೋಟದ ಈ ಕಾಂಕ್ರೀಟು ಡ್ರೈವ್‌ವೇ ನೋಡಿ. ಮೇಲ್ಪದರ ಹಪ್ಪಳದ ಹಾಗೆ ಎದ್ದು, ಒಳಗಿನ ಜಲ್ಲಿ ಕಾಣ್ತಿದೆ. ಇದು ನೀರಿನ ಕೆಲಸ. ಹೆಪ್ಪುಗಟ್ಟಿದಾಗ ನೀರು ಸುಮಾರು 9% ಉಬ್ಬುತ್ತೆ. ಕಾಂಕ್ರೀಟಿನೊಳಗೆ ಅದಕ್ಕೆ ಜಾಗ ಎಲ್ಲಿ? ಹಿಮ ಕರಗಿಸೋ ಉಪ್ಪು ಬಿದ್ದರೆ ಇನ್ನೂ ಕೆಡುತ್ತೆ.

ಇಷ್ಟು ಹಾಳಾದ್ಮೇಲೆ ತೇಪೆ ಹಾಕೋದು ದುಡ್ಡು ದಂಡ. ಪೂರ್ತಿ ಒಡೆಸಿ. ಕೆಳಗೆ ಜಲ್ಲಿ ಹಾಸಿ, ಚೆನ್ನಾಗಿ ದಮ್ಮಸು ಮಾಡಿಸಿ. ಕಾಂಕ್ರೀಟು ಕನಿಷ್ಠ 4 ಇಂಚು ದಪ್ಪ, ಇಳಿಜಾರು ಬೀದಿ ಕಡೆಗೆ.

ಮುಖ್ಯವಾದ್ದು ಗಾಳಿ! ಮಿಶ್ರಣದಲ್ಲಿ ಸುಮಾರು 6% ಸೂಕ್ಷ್ಮ ಗಾಳಿಗುಳ್ಳೆ ಇರಬೇಕು. ಉಬ್ಬೋ ನೀರಿಗೆ ಅದೇ ಜಾಗ. ಆರ್ಡರ್ ಕೊಡೋವಾಗಲೇ ಕೇಳಿ. ಮೇಲೆ ನೀರು ಚಿಮುಕಿಸಿ ನುಣುಪು ಮಾಡೋಕೆ ಹೊರಟರೆ, ಕೆಲಸದವರನ್ನ ಅಲ್ಲೇ ತಡೀರಿ.

ಕಾಂಕ್ರೀಟು ಹಾಕಿದ್ಮೇಲೆ ಕಾರು ಒಂದು ವಾರ ಬೀದಿಯಲ್ಲೇ ಇರಲಿ. ಮೊದಲ ಚಳಿಗಾಲ ಉಪ್ಪು ಬೇಡವೇ ಬೇಡ, ಮರಳು ಎರಚಿ.